ಕಂಪ್ಯೂಟರಿಗೆ ದೃಷ್ಟಿ ತೆಗೆದದ್ದು

ಪುಣೆಯಲ್ಲಿ ನಾನು ರಿಪೇರಿಗೆ ಮುಟ್ಟಿದ ಯುನಿಕ್ಸ್ ಕಂಪ್ಯೂಟರು ಮತ್ತೆ ಕೆಟ್ಟದ್ದೇ ಇಲ್ಲ. ಸುಳ್ಳು ಬಿಡಿ. ಅಲ್ಲೇ ಭೋಸರಿಯ ಒಂದು ಕಾರ್ಖಾನೆಯದು ವಾರವಾರವೂ ಕೆಡುತ್ತಿತ್ತು. ಫೈಲ್ ಸಿಸ್ಟಂ ಹಾಳಾಗಿದೆ ಎಂದು ಪರದೆಯ ಮೇಲೆ ಬರುವುದು, ನಾನು ಹೋಗಿ ಸರಿಮಾಡುವುದು, ಮುಂದಿನ ಶನಿವಾರ ಬೆಳಿಗ್ಗೆ ಮತ್ತದೇ. ಡಿಸ್ಕ್ ಬದಲಿಸಿದರೂ ಅದೇ ಹಾಡು.

ಕೊನೆಗೊಮ್ಮೆ ಮಾಲೀಕರು, ಆ ಕಂಪ್ಯೂಟರು ನೋಡಿಕೊಳ್ಳುವ ಧಾರವಾಡದ ಸುಮಕ್ಕನ ಮೇಲೆ ಮರಾಠಿಯಲ್ಲಿ ರೇಗಿದರು: "ನಾಳೆಯಿಂದ ಬರಬೇಡಿ!"

ನಾನು ಕನ್ನಡದಲ್ಲಿ ಮೆಲ್ಲಗೆ ಕೇಳಿದೆ, "ಅಕ್ಕಾರ, ಶುಕ್ರವಾರ ಇದಕ್ಕೇನ್ ಮಾಡ್ತೀರಿ?"

"ನೀವ ಹೇಳಿದ್ರಲ್ರೀ, ಕರ್ಪೂರ ಹಚ್ಚಿ ದೃಷ್ಟಿ ತಗೀರಿ ಅಂತ. ಕರೆಂಟಿನ ಭಯ ನೋಡ್ರಿ, ಅದಕ್ಕ ಹಚ್ಚೂ ಮೊದಲ ಪ್ಲಗ್ ಕಿತ್ತಿಡ್ತೀನಿ."

ಮೊದಲ ಸಲ ಹೋದಾಗ ತಮಾಷೆಗೆ ಅಂದ ಮಾತು! ಓಡುವ ಯಂತ್ರದ ಪ್ಲಗ್ ಕಿತ್ತರೆ ಫೈಲುಗಳು ಉಳಿಯುತ್ತವೆಯೇ?

"ಏನಂತಾರೆ?" ಎಂದರು ಮಾಲೀಕರು, ಕನ್ನಡ ಬಾರದವರು. ತಪ್ಪು ನನ್ನದೆನ್ನಲು ನಾಲಿಗೆ ಏಳಲಿಲ್ಲ. "ಪ್ಲಗ್ ಸಡಿಲಾಗಿದೆಯಂತೆ" ಅಂದೆ. ಅವರು ತಣ್ಣಗಾದರು.

ಹೊರಗೆ ಸುಮಕ್ಕ ಕೈಮುಗಿದರು. "ತಪ್ಪು ನಂದ ಇತ್ರಿ. ಭಾಳ ದೊಡ್ಡವರು ನೀವು, ನನ್ನ ನೌಕರಿ ಉಳಿಸಿದ್ರಿ." ಆಗಲೂ ನಿಜ ಹೇಳಲಿಲ್ಲ ನಾನು.

ಇದು ನೆನಪಾದರೆ ಈಗಲೂ, ಈ ಹೋಟೆಲಿನಲ್ಲಿ ನಿಮ್ಮೆದುರು ಕೂತಾಗಲೂ, ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಇಳಿಯದ ಚಹಾಕ್ಕೆ ನಾನು ದುಡ್ಡು ಕೊಡುವುದು ನ್ಯಾಯವೇ? ನೀವೇ ಕೊಟ್ಟುಬಿಡಿ.