ಅವ್ವನ ಹೆಬ್ಬೆಟ್ಟು

ನಮ್ಮೂರು ಚಿತ್ತಾಪುರ ತಾಲೂಕಿನದು. ಒಂದು ಕಡೆ ವಾಡಿಯ ಸಿಮೆಂಟಿನ ಹೊಗೆ, ಇನ್ನೊಂದು ಕಡೆ ಶಹಾಬಾದಿನ ಕಲ್ಲಿನ ಖಣಿಗಳು, ನಡುವೆ ತೊಗರಿ ಹೊಲ. ಎಂಬತ್ತರ ದಶಕದ ಕೊನೆಗೆ ಮಂಡಲ ಪಂಚಾಯಿತಿ ಹೊಸದಾಗಿ ಬಂದಾಗ, ಹೆಂಗಸರಿಗೂ ಸೀಟು ಇಡಬೇಕು ಎಂಬ ಕಾಯಿದೆಯೂ ಜೊತೆಗೆ ಬಂತು. ನಮ್ಮ ಕಡೆಯ ಸೀಟಿಗೆ ಊರ ಹಿರಿಯರು ಅವ್ವನ ಹೆಸರು ಬರೆಸಿದರು. ಅವಳು ಜಾಣೆ ಎಂದಲ್ಲ, ಬಾಯಿ ಸತ್ತವಳು ಎಂದು. ಅಪ್ಪ ವಾಡಿಯಲ್ಲಿ ಚೀಲ ಹೊರುವ ಕೂಲಿ, ಅವನೂ ಯಾರಿಗೂ ಎದುರು ಮಾತಾಡಿದವನಲ್ಲ. ಬೇರೆ ಯಾರೂ ನಿಲ್ಲಲಿಲ್ಲ, ಅವ್ವ ಮೆಂಬರ್ ಆದಳು. ರೇಡಿಯೋದಲ್ಲಿ ಹೆಣ್ಣು ಮಂತ್ರಿಗಳ ಭಾಷಣ ಕೇಳಿದ್ದ ನಾನು, ಇನ್ನು ಅವ್ವನೂ ಮೈಕಿನ ಮುಂದೆ ನಿಲ್ಲುತ್ತಾಳೆ ಅಂದುಕೊಂಡೆ. ನನಗಾಗ ಹನ್ನೆರಡು ವರ್ಷ.

ಮೈಕು ದೂರದ ಮಾತು, ಅವಳು ಮೀಟಿಂಗಿಗೇ ಹೋಗುತ್ತಿರಲಿಲ್ಲ. ಹೆಂಗಸರು ಗಂಡಸರ ಸಮ ಕುರ್ಚಿ ಮೇಲೆ ಕೂಡುವುದು ಹೇಗೆ? ಅದಕ್ಕೊಂದು ಸುಲಭದ ದಾರಿ ಮಾಡಿದ್ದರು. ಮೀಟಿಂಗ್ ಮುಗಿದ ಮೇಲೆ ಸೆಕ್ರೆಟರಿ, ಮೀಟಿಂಗಿನ ನಿರ್ಣಯ ಬರೆಯುವ ಠರಾವು ಪುಸ್ತಕ ಬಗಲಲ್ಲಿಟ್ಟುಕೊಂಡು ನಮ್ಮ ಮನೆಗೆ ಬರುತ್ತಿದ್ದ. ಅವ್ವ ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದ ಕೈ ಚಾಚುತ್ತಿದ್ದಳು. ಆತ ಶಾಯಿ ಡಬ್ಬಿ ತೆರೆದು ಹೆಬ್ಬೆಟ್ಟು ಒತ್ತಿಸಿಕೊಂಡು, ಒಂದು ಕಪ್ ಚಹಾ ಕುಡಿದು ಹೋಗುತ್ತಿದ್ದ. ಪುಸ್ತಕದಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡು ವರ್ಷ ಅವ್ವ ಹೀಗೆ ಹೊಸ್ತಿಲು ದಾಟದೆ ರಾಜ್ಯಭಾರ ಮಾಡಿದಳು.

ಒಂದು ದಿನ ಆತ ಬಂದಾಗ ಅವ್ವ ತೊಗರಿ ಕೊಯ್ಯಲು ಹೋಗಿದ್ದಳು. ನಾನೊಬ್ಬಳೇ ಇದ್ದೆ. ಆತನಿಗೆ ಶಹಾಬಾದಿನ ಬಸ್ಸು ಹಿಡಿಯುವ ಅವಸರ.

"ಸಾಲಿಗಿ ಹೋಗ್ತಿಯಲ್ಲ? ಅವ್ವನ ಹೆಸರು ಬರೀಲಿಕ್ಕ ಬರ್ತದೇನು?" ಎಂದ.

"ಬರ್ತದ್ರಿ," ಎಂದೆ.

"ಹಂಗಾದ್ರ ಇಲ್ಲಿ ಬರಿ. ಬರೇ ಹಾಜರಿ ಅದ."

ಹಾಳೆಯ ಮೇಲ್ಭಾಗ ಖಾಲಿ ಇತ್ತು. ಕೆಳಗೆ ಆತ ಬೆರಳಿಟ್ಟ ಕಡೆ ಅವ್ವನ ಹೆಸರನ್ನು ದುಂಡಗೆ, ಮಾಸ್ತರರು ಮೆಚ್ಚುವಂತೆ ಬರೆದೆ. "ಅಕ್ಷರ ಭಾಳ ಚಂದ ಅವ" ಎಂದ. ನಾನು ಉಬ್ಬಿಹೋದೆ. ಸಂಜೆ ಅವ್ವ ಸೋತು ಬಂದಳು, ಉಂಡವಳೇ ಮಲಗಿದಳು. ನಾಳೆ ಹೇಳಿದರಾಯಿತು ಎಂದು ಬಿಟ್ಟೆ.

ಮರುದಿನ ಹೇಳಲು ಬಾಯಿ ಬರಲಿಲ್ಲ. ನಮ್ಮ ತರಗತಿಯ ಹುಡುಗಿಯೊಬ್ಬಳು ಪ್ರಗತಿ ಪತ್ರಕ್ಕೆ ಅಪ್ಪನ ಸಹಿ ತಾನೇ ಹಾಕಿ ಸಿಕ್ಕಿಬಿದ್ದಿದ್ದಳು. ಮಾಸ್ತರರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ, "ಮತ್ತೊಬ್ಬರ ಸಹಿ ಮಾಡೂದು ಖೋಟಾ ಕೆಲಸ. ಸರ್ಕಾರದ ಕಾಗದ ಇದ್ದಿದ್ರ ಸೀದಾ ಜೈಲು" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಬಲಗೈಯನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡೆ. ಆ ಪುಸ್ತಕದ ಮೇಲೆ ಸರ್ಕಾರದ ಮೊಹರು ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು.

ಅಂದಿನಿಂದ ಊಟ ಸೇರಲಿಲ್ಲ. ಖಾಕಿ ಬಟ್ಟೆ ಕಂಡರೆ ಪೊಲೀಸರೇ ಬಂದರು ಅನ್ನಿಸುತ್ತಿತ್ತು. ಟಪಾಲಿನವನೂ ಖಾಕಿ ತೊಡುತ್ತಿದ್ದ, ಅವನನ್ನು ಕಂಡು ಒಂದು ದಿನ ಜೋಳದ ಕಣಜದ ಹಿಂದೆ ಅಡಗಿದೆ. ಕೊನೆಗೆ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅವ್ವನೇ ನನ್ನ ಹಾಗೆ ಬರೆಯಲು ಕಲಿತರೆ? ಆಗ ಆ ಸಹಿ ಅವಳದೇ ಆಗುತ್ತದೆ, ಯಾರೂ ಹಿಡಿಯಲಾರರು.

"ಅವ್ವಾ, ಮೆಂಬರ್ ಆಗಿ ಹೆಬ್ಬಟ್ಟ ಒತ್ತೂದು ಚಂದ ಕಾಣಂಗಿಲ್ಲ. ನಾ ಕಲಸ್ತೀನಿ," ಎಂದೆ.

ಅವಳಿಗೆ ನಾಚಿಕೆ, ಆಸೆ ಎರಡೂ ಇದ್ದವು. ನಮ್ಮ ಮನೆಯ ನೆಲಕ್ಕೆ ಶಹಾಬಾದಿನ ಫರ್ಸಿ ಕಲ್ಲು ಹಾಸಿದ್ದರು. ದಿನಾ ರೊಟ್ಟಿ ಬಡಿದಾದ ಮೇಲೆ ಅದರ ಮೇಲೆ ಬಳಪದಿಂದ ನಾನು ಬರೆಯುವುದು, ಅವಳು ತಿದ್ದುವುದು. ಕಳೆ ತೆಗೆಯುವ ಕುರ್ಪಿ ಹಿಡಿದ ಕೈ, ಬಳಪ ಪುಡಿಪುಡಿ ಆಗುತ್ತಿತ್ತು. ಹದಿನೈದು ದಿನ ಹೋಗುವಷ್ಟರಲ್ಲಿ ತನ್ನ ಹೆಸರನ್ನು ನೋಡದೆ ಬರೆದಳು. ಬರೆದು, ಬೆರಳಿಂದ ಒಂದೊಂದೇ ಅಕ್ಷರ ಮುಟ್ಟಿ, "ಇದು ನಾನೇನು?" ಎಂದು ಕೇಳಿ ನಕ್ಕಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ. ನನ್ನ ಭಯ ಮಾತ್ರ ಹೋಗಲಿಲ್ಲ. ಅದೇ ದಿನಗಳಲ್ಲಿ ಸೆಕ್ರೆಟರಿ ಅಪ್ಪನನ್ನು ಕೇಳಿಕೊಂಡು ಒಮ್ಮೆ ಬಂದವನು, ನೆಲದ ಮೇಲಿನ ಅಕ್ಷರಗಳನ್ನು ನಿಂತು ನೋಡಿ ಹೋದ.

ಊರ ಹಿಂದೆ ಹಳ್ಳದ ದಂಡೆಗೆ ಜಾಲಿ ಗಿಡಗಳ ಬಯಲಿತ್ತು. ಅದು ಹೆಂಗಸರ ಬಯಲು. ಕತ್ತಲಿರುವಾಗಲೇ ತಂಬಿಗೆ ಹಿಡಿದು ನಾಲ್ಕೈದು ಮಂದಿ ಕೂಡಿ ಹೋಗುತ್ತಿದ್ದರು. ಗಂಡಸರು ಆ ಕಡೆ ಕಾಲಿಡುತ್ತಿರಲಿಲ್ಲ. ಒಂದು ಮುಂಜಾನೆ ಹೋದ ಹೆಂಗಸರು ಹೋದ ಹಾಗೇ ತಿರುಗಿ ಬಂದರು. ಅಲ್ಲಿ ಗೂಟ ಬಡಿದು ಸುಣ್ಣದ ಗೆರೆ ಹಾಕಿದ್ದರು, ಇಬ್ಬರು ಗಂಡಸರು ಟೇಪು ಹಿಡಿದು ಅಳೆಯುತ್ತಿದ್ದರು. ಬಯಲನ್ನು ಕಲ್ಲಿನ ಖಣಿಗೆ ಕೊಟ್ಟಾಗಿತ್ತು. ಖಣಿ ಹಿಡಿದವನು ಪಂಚಾಯಿತಿ ಪ್ರಧಾನರ ಅಳಿಯ. ಹೆಂಗಸರು ಕಚೇರಿಗೆ ಹೋಗಿ ಕೇಳಿದರೆ, "ನಿಮ್ಮ ಹೆಣ್ಣುಮೆಂಬರೇ ಸಹಿ ಮಾಡ್ಯಾರ, ಅವರ್ನೇ ಕೇಳ್ರಿ" ಎಂದರಂತೆ.

ಅವರೆಲ್ಲ ನಮ್ಮ ಅಂಗಳಕ್ಕೆ ಬಂದರು. ಮುಂದೆ ಇದ್ದವಳು ಪಕ್ಕದ ಮನೆಯ ಅತ್ತೆ. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು.

"ಹಸಿ ಬಾಣಂತಿನ್ನ ನಾ ಎಲ್ಲಿ ಕರ್ಕೊಂಡು ಹೋಗ್ಲಿ? ರೋಡಿಗೇನು? ನೀ ಹೆಣ್ಣಾಗಿ ಇದಕ್ಕ ಹ್ಯಾಂಗ ಒಪ್ಪಿದಿ ವೈನಿ?"

"ಇಲ್ಲ ತಂಗಿ, ನಾ ಯಾವ ಹೆಬ್ಬಟ್ಟೂ ಒತ್ತಿಲ್ಲ," ಎಂದಳು ಅವ್ವ.

"ಹೆಬ್ಬಟ್ಟ ಅಲ್ಲ. ಸಹಿ ಅದ ಅಂತ. ದುಂಡಗ ಬರದೀದಿ ಅಂತ."

ಅವ್ವ ಹಿಂದೆ ತಿರುಗಿ ನನ್ನನ್ನು ನೋಡಿದಳು. ಅವರೆಲ್ಲ ಬೈದು ಹೋದ ಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದೆ: ಖಾಲಿ ಹಾಳೆ, ಬಸ್ಸಿನ ಅವಸರ, ಬೆಂಚಿನ ಮೇಲಿನ ಹುಡುಗಿ, ಜೈಲು. ಹೊಡೆಯುತ್ತಾಳೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವಳು ಒಂದೇ ಮಾತು ಕೇಳಿದಳು: "ನೀ ಬರ್ಯೋದು ಯಾರರ ನೋಡ್ಯಾರೇನು?" ಇಲ್ಲ ಎಂದೆ. ಎದ್ದು ಹೋಗಿ ಹಸಿ ಬಟ್ಟೆ ತಂದು ಫರ್ಸಿಯ ಮೇಲಿನ ತನ್ನ ಹೆಸರನ್ನು ಒರೆಸಿದಳು. ಉಳಿದ ಬಳಪದ ಚೂರುಗಳನ್ನು ಒಲೆಗೆ ಹಾಕಿದಳು.

ಪ್ರಧಾನರನ್ನು ಎದುರು ಹಾಕಿಕೊಂಡರೆ ಕೆಲಸ ಹೋಗುತ್ತದೆ ಎಂದು ಅಪ್ಪನಿಗೆ ಹೆದರಿಕೆ. "ನಮಗ್ಯಾಕ ಬೇಕು? ಸುಮ್ಮ ಕುಂದ್ರು," ಎಂದ. ಅವ್ವ ಪಕ್ಕದ ಮನೆಗೆ ಹೋಗಿ, ಸಹಿ ತನ್ನದಲ್ಲ ಎಂದು ಅತ್ತೆಯನ್ನು ಒಪ್ಪಿಸಿದಳು. ಅವಳ ಜೊತೆ ಚಿತ್ತಾಪುರಕ್ಕೆ ಹೋಗಿ ತಾಲೂಕಿನ ದೊಡ್ಡ ಸಾಹೇಬರಿಗೆ ಅರ್ಜಿ ಕೊಟ್ಟು ಬಂದಳು. ಮುಂದಿನ ಮೀಟಿಂಗಿಗೆ ಅವರೇ ಬರುತ್ತಾರೆ ಎಂದು ಗೊತ್ತಾಯಿತು. ಆ ಎಂಟು ದಿನ ನಾವು ತಾಯಿ ಮಗಳು ಒಂದೇ ಕೌದಿಯಲ್ಲಿ ಮಲಗಿದೆವು. ಅವಳೂ ಹೆದರಿದ್ದಳು, ಅವಳ ಅಂಗೈ ಬೆವರುತ್ತಿದ್ದುದು ನನಗೆ ತಿಳಿಯುತ್ತಿತ್ತು.

ಮೀಟಿಂಗಿನ ದಿನ ಅವ್ವ ಮೊದಲ ಸಲ ಪಂಚಾಯಿತಿಯ ಮೆಟ್ಟಿಲು ಹತ್ತಿದಳು. ಬಾಗಿಲ ಹತ್ತಿರ ನೆಲಕ್ಕೆ ಕೂತವಳನ್ನು ಸಾಹೇಬರು ಎಬ್ಬಿಸಿ ಕುರ್ಚಿ ಕೊಡಿಸಿದರು. ಅವಳು ಅದರ ಅಂಚಿಗೆ ಕೂತಳು. ಊರ ಹೆಂಗಸರು ಅಂಗಳದಲ್ಲಿ ನಿಂತಿದ್ದರು, ನಾನು ಕಿಟಕಿಯ ಸರಳು ಹಿಡಿದಿದ್ದೆ. ಸಾಹೇಬರು ಪುಸ್ತಕ ತೆರೆದು, "ಈ ಸಹಿ ನಿಮ್ಮದೇನಮ್ಮ?" ಎಂದು ಕೇಳಿದರು.

"ಅಲ್ರಿ. ನನಗ ಬರೀಲಿಕ್ಕ ಬರಂಗಿಲ್ಲ."

"ಸುಳ್ಳ ಸಾಹೇಬ್ರ," ಎಂದು ಸೆಕ್ರೆಟರಿ ಎದ್ದ. "ಈಗ ಕಲ್ತಾರ. ಮನ್ಯಾಗ ಫರ್ಸಿ ಮ್ಯಾಲ ಬರದದ್ದು ನಾನೇ ಕಣ್ಣಾರೆ ನೋಡೀನಿ. ಪೆನ್ನ ಕೊಡ್ರಿ, ಬರೀತಾರ."

ಸಾಹೇಬರು ಪೆನ್ನು, ಬಿಳಿ ಹಾಳೆ ಮುಂದಿಟ್ಟರು. ಅವ್ವ ಬರೆದರೆ ಅಕ್ಷರಗಳು ದುಂಡಗೆ ಬರುತ್ತವೆ, ಯಾಕೆಂದರೆ ಕಲಿಸಿದವಳು ನಾನು. ಬಯಲು ಹೋಗುತ್ತದೆ. ಬರೆದವಳು ಮಗಳು ಎಂದು ಅವ್ವ ಹೇಳಿದರೆ ನಾನು ಜೈಲಿಗೆ ಹೋಗುತ್ತೇನೆ.

ಅವ್ವ ಪೆನ್ನನ್ನು ಮುಷ್ಟಿಯಲ್ಲಿ, ಕುರ್ಪಿ ಹಿಡಿದ ಹಾಗೆ ಹಿಡಿದಳು. ಹಾಳೆಯ ಮೇಲೆ ಒಂದು ಸೊಟ್ಟ ಗೆರೆ ಎಳೆದಳು. ಇನ್ನೊಂದು ಎಳೆಯುವಾಗ ಹಾಳೆ ಹರಿಯಿತು. ಮೆಂಬರುಗಳಲ್ಲಿ ಯಾರೋ ನಕ್ಕರು. "ಹೆಬ್ಬಟ್ಟಿನ ಹೆಣ್ಣಿಗಿ ಸೀಟ್ ಕೊಟ್ರ ಹಿಂಗೇ," ಎಂದರು ಪ್ರಧಾನರು. ಅವ್ವನ ಕಿವಿ ಕೆಂಪಾದವು. ಮನೆಯಲ್ಲಿ ಹೆಸರು ಬರೆದು ನಕ್ಕಿದ್ದವಳು ಅಷ್ಟು ಮಂದಿಯ ಎದುರು ತಲೆ ತಗ್ಗಿಸಿ, "ಶಾಯಿ ಡಬ್ಬಿ ಕೊಡ್ರಿ" ಎಂದಳು. ಒತ್ತಿದಳು.

ಸಾಹೇಬರು ಹಿಂದಿನ ಪುಟಗಳನ್ನು ತಿರುವಿದರು. ಎಲ್ಲ ಕಡೆ ಹೆಬ್ಬೆಟ್ಟು, ಒಂದೇ ಕಡೆ ಸಹಿ.

"ಹಾಗಾದ್ರೆ ಇದನ್ನ ಬರೆದವರು ಯಾರ್ರೀ?" ಎಂದು ಸೆಕ್ರೆಟರಿಯನ್ನು ಕೇಳಿದರು.

ಆತ ಕಿಟಕಿಯ ಕಡೆ ತಿರುಗಿ ನೇರ ನನ್ನನ್ನೇ ನೋಡಿದ. ನಾನು ಸರಳು ಬಿಡಲಿಲ್ಲ, ಬಿಡಲು ಕೈ ಬರಲಿಲ್ಲ. ಅವ್ವ ಆಗ ತಲೆ ಎತ್ತಿದಳು. "ಹೇಳ್ರಿ ಸೆಕ್ರೆಟರಿ ಸಾಹೇಬ್ರ. ಬುಕ್ಕ ನಿಮ್ಮ ಕೈಯಾಗೇ ಇತ್ತು. ಖಾಲಿ ಹಾಳಿ ಮ್ಯಾಲ ಯಾರ ಕೈಲೆ ಬರಸ್ಕೊಂಡ್ರಿ?" ಎಂದಳು. ಆತ ನನ್ನ ಹೆಸರು ಹೇಳಿದರೆ ಖಾಲಿ ಹಾಳೆಯ ಕಥೆಯನ್ನೂ ಹೇಳಬೇಕು. ಆತ ಬೆವರು ಒರೆಸಿಕೊಂಡು, "ಗೊತ್ತಿಲ್ರಿ" ಎಂದ.

ಸಾಹೇಬರು ಠರಾವನ್ನು ರದ್ದು ಮಾಡಿದರು. ಸಂಜೆಗೆ ಹೆಂಗಸರೇ ಹೋಗಿ ಗೂಟ ಕಿತ್ತರು. ಅತ್ತೆ ನಮ್ಮ ಮನೆಗೆ ಬಂದು ಅವ್ವನ ಕೈ ಹಿಡಿದುಕೊಂಡು ಅತ್ತಳು. ಅಪ್ಪನ ಕೆಲಸವೂ ಉಳಿಯಿತು, ಮೂರು ತಿಂಗಳು ಅವನು ಹೆದರಿಕೊಂಡೇ ಹೋಗಿ ಬಂದ.

ಅಲ್ಲಿಂದ ಮುಂದೆ ಅವ್ವ ಒಂದು ಮೀಟಿಂಗನ್ನೂ ತಪ್ಪಿಸಲಿಲ್ಲ. ಕುರ್ಚಿಯ ಮೇಲೆ ಕೂತು, ಠರಾವನ್ನು ಜೋರಾಗಿ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಗಂಡಸರು ಅವಳ ಬೆನ್ನ ಹಿಂದೆ ಹೆಬ್ಬೆಟ್ಟಿನ ಮೆಂಬರು ಎಂದು ಆಡಿಕೊಳ್ಳುತ್ತಿದ್ದರು. ಅವಳಿಗೆ ಕೇಳಿಸುತ್ತಿತ್ತು. ನನಗೂ ಕೇಳಿಸುತ್ತಿತ್ತು, ಅವಳಿಗೆ ಬರೆಯಲು ಬರುತ್ತದೆ ಎಂದು ಕೂಗಿ ಹೇಳುವ ಸಿಟ್ಟು ಬರುತ್ತಿತ್ತು. ಹೇಳುವ ಹಾಗಿರಲಿಲ್ಲ.

ಅವಳ ಅವಧಿ ಮುಗಿಯಿತು. ಆ ಸೆಕ್ರೆಟರಿ ಚಿಂಚೋಳಿ ಕಡೆ ವರ್ಗವಾಗಿ ಹೋದ. ನಾನು ಓದಿ ಸೇಡಂನಲ್ಲಿ ಶಾಲೆಯ ಟೀಚರ್ ಆದೆ, ನನ್ನ ತಲೆಯಿಂದ ಜೈಲಿನ ಭಯ ಯಾವತ್ತೋ ಇಳಿದಿತ್ತು. ಅಷ್ಟು ಚಿಕ್ಕ ಹುಡುಗಿಯನ್ನು ಯಾರೂ ಜೈಲಿಗೆ ಹಾಕುವುದಿಲ್ಲ ಎಂದು ದೊಡ್ಡವಳಾದ ಮೇಲೆ ತಿಳಿದಿತ್ತು. ಒಮ್ಮೆ ಅವ್ವನ ರೇಷನ್ ಕಾರ್ಡಿಗೆಂದು ಚಿತ್ತಾಪುರದ ತಹಶೀಲ್ ಕಚೇರಿಗೆ ಹೋದೆವು. ಗುಮಾಸ್ತ ಅವಳ ಮುಖ ನೋಡಿ, ಕೇಳದೆಯೇ ಶಾಯಿ ಡಬ್ಬಿ ಸರಿಸಿದ.

"ಅವ್ವಾ, ಸಹಿ ಮಾಡು. ಈಗರ ಮಾಡು," ಎಂದು ಪೆನ್ನು ಕೊಟ್ಟೆ.

ಅವಳು ಮೊದಲು ಬಾಗಿಲ ಕಡೆ ನೋಡಿದಳು, ಆಮೇಲೆ ಕಿಟಕಿಯ ಕಡೆ. ಪೆನ್ನನ್ನು ನನ್ನ ಕೈಗೇ ತಿರುಗಿ ತುರುಕಿದಳು.

"ಸುಮ್ಮ ಇರು," ಎಂದು ಪಿಸುಗುಟ್ಟಿದಳು. "ಆ ಬುಕ್ಕ ಇನ್ನಾ ಅವರ ಕೈಯಾಗೇ ಅದ."

ಹೆಬ್ಬೆಟ್ಟನ್ನು ಶಾಯಿಗೆ ಒತ್ತಿದಳು.