ನನ್ನ ಕಿಟಕಿಯ ಫ್ಲೆಕ್ಸ್

"ಬೆಳಕು ಹಾಯುವಾಗ ಸತ್ತವರು ಎದ್ದು ನಿಲ್ಲುತ್ತಾರೆ..." ಹೀಗೇನೋ ಒಂದು ಸಾಲು. ಎಲ್ಲೋ ಓದಿದ್ದೋ, ನಾನೇ ಕಟ್ಟಿಕೊಂಡಿದ್ದೋ ನೆನಪಿಲ್ಲ.

ನಿಲ್ಲುತ್ತಾರೆಯೇ? ನಾವು ನಿಲ್ಲಲು ಬಿಡುತ್ತೇವೆಯೇ?

ಕಳೆದ ವಾರ ಇದೇ ಸಾಲಿನ ಜೊತೆ ಫೇಸ್‌ಬುಕ್ಕಿನಲ್ಲಿ ಒಂದು ಫೋಟೋ ಹಾಕಿದ್ದೆ. ಬೆಳಗಾವಿ ಕಡೆಯ ಹಳೆಯ ಚರ್ಚೊಂದರ ಬಣ್ಣದ ಗಾಜಿನ ಕಿಟಕಿ. ಯುದ್ಧದಲ್ಲಿ ಸತ್ತ ಹುಡುಗನೊಬ್ಬನ ನೆನಪಿಗೆ ಅವನ ತಾಯಿ ಮಾಡಿಸಿದ್ದು.

ಕೆಂಪು ಕೋಟಿನ ಸೈನಿಕ, ನೀಲಿ ರೆಕ್ಕೆಯ ದೇವದೂತ, ಸುತ್ತ ಗುಲಾಬಿ. ಅದರ ಮುಂದೆ ಅರ್ಧ ಗಂಟೆ ನಿಂತು ಅತ್ತಿದ್ದೆ.

ಗೆಳತಿಯೊಬ್ಬಳು ಕಾಮೆಂಟ್ ಹಾಕಿದಳು, ಬಣ್ಣ ಸ್ವಲ್ಪ ಜಾಸ್ತಿಯಾಯಿತು ಅಂತ. ತಕ್ಷಣ ಉತ್ತರಿಸಿದೆ: "ತಾಯಿ ಮಾಡಿಸಿದ ಚಿತ್ರದಲ್ಲಿ ಬಣ್ಣ ಅಳೆಯಬಾರದು."

ಕಳಿಸಿ ತಲೆ ಎತ್ತಿದೆ. ಎದುರಿಗೆ ಬನಹಟ್ಟಿಯ ನನ್ನ ಮನೆಯ ಕಿಟಕಿ. ಸರಳಿಗೆ ಕತ್ತರಿಸಿದ ಸುತಳಿಯ ತುಂಡೊಂದು ಇನ್ನೂ ನೇತಾಡುತ್ತಿದೆ...

ಪಕ್ಕದ ಮನೆಯ ಕಮಲವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವರು. ಅವರ ಒಬ್ಬನೇ ಮಗ ಸೈನ್ಯದಲ್ಲಿದ್ದ, ಗಡಿಯಲ್ಲಿ ತೀರಿಕೊಂಡ. ಪ್ರತಿ ವರ್ಷ ಆ ದಿನ ಅವನ ಫೋಟೋದ ಫ್ಲೆಕ್ಸ್ ಮಾಡಿಸಿ ನನ್ನ ಮಹಡಿಯ ಕಿಟಕಿಗೆ ಕಟ್ಟುತ್ತಿದ್ದರು.

"ನಿಮ್ಮ ಕಿಡಕಿ ಎತ್ತರದಾಗ ಐತ್ರಿ ಅಕ್ಕಾರ. ಅಂವಗ ಓಣಿ ಪೂರಾ ಕಾಣ್ತೈತಿ" ಎಂದು ನಗುತ್ತಿದ್ದರು.

ಯೂನಿಫಾರ್ಮಿನ ಹುಡುಗ. ಪಾರಿವಾಳ, ಧ್ವಜ, ಮೂಲೆಮೂಲೆಗೂ ಗುಲಾಬಿ, ಕೆಳಗೆ ಓಣಿಯ ಪುಢಾರಿಗಳ ಮುಖಗಳ ಸಾಲು. ಬಿಸಿಲು ಬಿದ್ದಾಗ ನನ್ನ ಪುಸ್ತಕಗಳ ಮೇಲೆಲ್ಲ ಕೆಂಪು, ಹಸಿರು.

ಹೋದ ವರ್ಷ ಹೇಳಿಬಿಟ್ಟೆ, ಓದುವ ಕೋಣೆ ಕತ್ತಲಾಗುತ್ತದೆ ಅಂತ.

ಅದು ನೆಪ. ನನಗೆ ಅದು ಚಂದ ಕಾಣಲಿಲ್ಲ, ಅಷ್ಟೇ. ಅವತ್ತು ಸಂಜೆ ಕವಿತೆ ಓದಲು ನಾಲ್ಕು ಜನ ಮನೆಗೆ ಬರುವವರಿದ್ದರು.

ಕಮಲವ್ವ ಮೇಲೆ ಬಂದು ತಾವೇ ಸುತಳಿ ಕತ್ತರಿಸಿ, ಫ್ಲೆಕ್ಸ್ ಸುತ್ತಿ ಬಗಲಲ್ಲಿಟ್ಟುಕೊಂಡು ಇಳಿದು ಹೋದರು.

ಈ ವರ್ಷದ ಆ ದಿನ ಬಂದು ಹೋಗಿದೆ. ನನಗೆ ಗೊತ್ತೇ ಆಗಿಲ್ಲ.

ಫೋನ್ ಅಲ್ಲೇ ಬಿಟ್ಟು ಅವರ ಮನೆಗೆ ಹೋದೆ. ಫ್ಲೆಕ್ಸ್ ಕೊಡಿ, ನಾನೇ ಕಟ್ಟುತ್ತೇನೆ, ಒಂದು ತಿಂಗಳು ಬೇಕಾದರೂ ಇರಲಿ ಅಂದೆ. ತಪ್ಪಾಯಿತು ಎನ್ನುವ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಕಮಲವ್ವ ಬೆರಳಿಗೆ ಸುತ್ತಿದ ನೂಲು ಬಿಡಿಸಿಕೊಳ್ಳುತ್ತ ಬಾಗಿಲಲ್ಲೇ ನಿಂತು ಹೇಳಿದರು:

"ಇರ್ಲಿ ಬಿಡ್ರಿ ಅಕ್ಕಾರ. ಅಂವ ಇದ್ದಾಗೂ ಯಾರಿಗೂ ತ್ರಾಸ ಕೊಟ್ಟಾಂವಲ್ಲ."