ಆಶೀರ್ವಾದ ಕೇಳಿದ ಸಭೆ

ನಿನ್ನೆ ಬೀರುವಿನ ಬಾಗಿಲು ತೆರೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆಲ್ಲ ಸನ್ಮಾನದ ಶಾಲುಗಳು. ನಮ್ಮ ರಾಯಚೂರು ಸೀಮೆಯಲ್ಲಿ ಶಾಲು ಹೊದಿಸಿಕೊಳ್ಳಲು ಸಾಧನೆಯೇನೂ ಬೇಕಿಲ್ಲ. ಕರೆದ ಕಡೆ ಹೋಗಿ ಮುಂದಿನ ಸಾಲಿನಲ್ಲಿ ಕೂತರೆ ಸಾಕು. ಮಾನ್ವಿಯಲ್ಲಿ ಔಷಧದಂಗಡಿ ಇಟ್ಟುಕೊಂಡಿರುವ ನನಗೇ ಒಂದು ಕಪಾಟು ತುಂಬಿದೆ. ಅದೂ ಈ ಬಿಸಿಲಿನ ಊರಲ್ಲಿ! ಅವುಗಳಲ್ಲಿ ಹಸಿರು ಅಂಚಿನದೊಂದು ಮಾತ್ರ ನನ್ನದಲ್ಲ, ರೇಣುಕಾಳದು.

ರೇಣುಕಾ ದೇವದುರ್ಗದಲ್ಲಿ ಫಿಸಿಯೋಥೆರಪಿಸ್ಟ್. ಗಂಡೆಂದು ಬೆಳೆಸಿದ ಮನೆಯವರೊಂದಿಗೆ ಜಗಳಾಡಿ, ಅತ್ತು, ಕೊನೆಗೆ ಹೆಣ್ಣಾಗಿಯೇ ಬದುಕುತ್ತಿರುವವಳು. ನಾನು ಗಂಡಸರನ್ನು ಪ್ರೀತಿಸುವ ಗಂಡಸು. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಆದರೂ ಪ್ರತಿ ವರ್ಷ ಹೆಣ್ಣು ನೋಡಲು ಹೊರಡುತ್ತಾರೆ. ನಮ್ಮಿಬ್ಬರ ಪರಿಚಯವಾದದ್ದು ರಾಯಚೂರಿನ ಒಂದು ಭಾನುವಾರದ ತರಗತಿಯಲ್ಲಿ. ನಿವೃತ್ತ ಪ್ರಾಂಶುಪಾಲೆ ಸುಶೀಲಾ ಮೇಡಂ ನಮ್ಮಂಥ ಓದಿದ, ಉದ್ಯೋಗದಲ್ಲಿರುವ ಜನರನ್ನು ಸೇರಿಸಿ ಸೇವಾ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಕೂರಲು ತಯಾರು ಮಾಡುತ್ತಿದ್ದರು.

"ಬರೇ ನಿಮ್ಮ ಕಷ್ಟ ಹೇಳ್ಕೊಳ್ಳಾಕ ಹೋಗಬ್ಯಾಡ್ರಿ. ಊರಿನ ಕೆಲಸದಾಗ ನಿಮ್ಮದೂ ಪಾಲು ಅದ, ಅದನ್ನ ಮಾಡಾಕ ಕುಂದರ್ರಿ" ಎನ್ನುವರು.

ತರಗತಿಯ ಅಣಕು ಸಭೆಗಳಲ್ಲಿ ನಾನು ಅಧ್ಯಕ್ಷ. ಇಲ್ಲದ ಮೀಸೆ ತಿರುವಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ರೇಣುಕಾ ಮಾತ್ರ ಬಗ್ಗುತ್ತಿರಲಿಲ್ಲ. ಅತಿ ಚೆಂದದ ಟಿಪ್ಪಣಿ ಬರೆದುಕೊಂಡವನು ನಾನೇ. ನನ್ನನ್ನು ಯಾವ ಮಂಡಳಿಯೂ ಕರೆಯಲಿಲ್ಲ. ಅವಳನ್ನು ದೇವದುರ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವ ಒಂದು ಟ್ರಸ್ಟ್ ಕರೆಯಿತು. ನಾವೆಲ್ಲ ಮಿರ್ಚಿ ಮಂಡಕ್ಕಿ ತರಿಸಿ ಹಬ್ಬ ಮಾಡಿದೆವು.

ಮೊದಲ ಸಭೆಯಲ್ಲೇ ಅವಳಿಗೆ ಶಾಲು, ಹಣ್ಣು, ಅಧ್ಯಕ್ಷರ ಪಕ್ಕದ ಕುರ್ಚಿ. ಹಿರಿಯ ಸದಸ್ಯೆಯೊಬ್ಬರು ಅವಳ ಕಾಲಿಗೆ ಬಗ್ಗಿದರಂತೆ. ನಮ್ಮ ಕಡೆ ಇವಳಂಥವರೆಂದರೆ ದೇವಿಗೆ ಸೇರಿದವರು ಎಂಬ ನಂಬಿಕೆ. ಹೊಸ ಕೋಣೆಗೆ ಕಾಯಿ ಒಡೆಯಲು ಅವಳೇ ಬೇಕು, ಸದಸ್ಯರ ಮೊಮ್ಮಗನ ತಲೆ ಮುಟ್ಟಲೂ ಅವಳೇ ಬೇಕು. ಇಷ್ಟು ಗೌರವ ಸಿಕ್ಕಿತೆಂದು ನಾವು ಹಿಗ್ಗಿದೆವು. ಬೈಸಿಕೊಳ್ಳುವುದಕ್ಕೆ ತಯಾರಾಗಿದ್ದವರು ನಾವು. ಕೈ ಮುಗಿದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಆಮೇಲೆ ದೇವದುರ್ಗದ ಹಾಸ್ಟೆಲ್ ಮುಚ್ಚಿ ಹುಡುಗಿಯರನ್ನು ಮಾನ್ವಿಗೆ ಕಳಿಸುವ ಮಾತು ಬಂತು. ಕುರಿ ಕಾಯುವ, ಕೂಲಿಗೆ ಹೋಗುವ ಮನೆಯ ಮಕ್ಕಳು ಅವರು. ಅಷ್ಟು ದೂರ ಯಾವ ತಾಯಿಯೂ ಮಗಳನ್ನು ಕಳಿಸುವುದಿಲ್ಲ, ಓದು ಅಲ್ಲಿಗೇ ನಿಲ್ಲುತ್ತದೆ ಎಂದು ರೇಣುಕಾಳಿಗೆ ಖಾತ್ರಿಯಿತ್ತು. ಮನೆಮನೆಗೆ ಹೋಗಿ ತಾಯಂದಿರನ್ನು ಕೇಳಿ ಬಂದಿದ್ದಳು. ಸಭೆಯಲ್ಲಿ ಅವಳು ಬಾಯಿ ತೆರೆದೊಡನೆ ಅಧ್ಯಕ್ಷರು ಕೈ ಮುಗಿದರು.

"ಯವ್ವಾ, ನೀವು ಆಶೀರ್ವಾದ ಮಾಡ್ರಿ ಸಾಕು. ಉಳಿದದ್ದು ನಾವು ನೋಡ್ಕೋತೀವಿ."

"ಯಪ್ಪಾ, ನಾ ದೇವರಲ್ಲ, ಸದಸ್ಯೆ. ಮುಚ್ಚೋದು ಬ್ಯಾಡ ಅಂತ ಹೇಳಾಕತ್ತೀನಿ. ಕೇಳ್ರಿ."

"ನಿಮ್ಮ ಸಿಟ್ಟೂ ನಮಗ ಆಶೀರ್ವಾದನs ರೀ" ಎಂದು ಇನ್ನೊಬ್ಬರು ನಕ್ಕರಂತೆ. ಅವಳ ಆಶೀರ್ವಾದದೊಂದಿಗೆ, ಸರ್ವಾನುಮತದಿಂದ ಎಂದು ನಡಾವಳಿಯಲ್ಲಿ ಬರೆದು, ಹಾಸ್ಟೆಲ್ ಮುಚ್ಚಿದರು.

ರೇಣುಕಾ ರಾಜೀನಾಮೆ ಕೊಟ್ಟು, ಮರುದಿನ ನನ್ನ ಅಂಗಡಿಗೆ ಬಂದು ಶಾಲನ್ನು ಕೌಂಟರಿನ ಮೇಲೆ ಒಗೆದಳು. "ಇದನ್ನ ನೀವs ಇಟ್ಕೋರಿ. ಮನ್ಯಾಗಿದ್ರ ಸುಟ್ಟಬಿಡ್ತೀನಿ." ಎಂಥ ಧೈರ್ಯ ಎಂದು ತರಗತಿಯವರೆಲ್ಲ ಅವಳನ್ನು ಹೊಗಳಿದರು. ಅವಳು ನಗಲಿಲ್ಲ.

ಈಗ ಸುಶೀಲಾ ಮೇಡಂಗೆ ಮಂಡಿ ನೋವು. ಬರುವ ಭಾನುವಾರದಿಂದ ಹೊಸಬರಿಗೆ ನಾನೇ ಕಲಿಸಬೇಕಂತೆ; ಒಂದು ಮಂಡಳಿಯನ್ನೂ ಕಾಣದವನು! ಅದಕ್ಕೇ ನಿನ್ನೆ ಸಂಜೆ ರೇಣುಕಾಳಿಗೆ ಫೋನು ಮಾಡಿ, ಬಂದು ನಾಲ್ಕು ಮಾತು ಹೇಳು ಎಂದೆ. ಅವಳು ಬೇರೆಯೇ ಮಾತು ತೆಗೆದಳು.

"ಮೊನ್ನೆ ನನ್ನ ಕ್ಲಿನಿಕ್ಕಿಗೆ ಒಂದು ಹುಡುಗಿ ಬಂದಿತ್ರಿ. ಪೋತ್ನಾಳ ಕಡೆ ಭತ್ತ ನಾಟಿ ಮಾಡಿ ಮಾಡಿ ನಡ ಹಿಡದದ. ಅದs ಹಾಸ್ಟೆಲ್‌ನಾಗ ಇದ್ದಾಕಿ. ಮಾನ್ವಿಗೆ ಕಳಸಲಿಲ್ಲಂತ. ನಡ ತಿಕ್ಕಾಕತ್ತಿದ್ದೆ, ಹಿಂಗ ಹೊಳ್ಳಿ ನೋಡಿ, 'ಅಕ್ಕಾ, ಆ ಸಭಾದಾಗ ನೀವೂ ಇದ್ರಿ ಅಲ್ಲಾ?' ಅಂತು."

"ನೀನು ಏನಂದಿ?"

"ಇದ್ದೆ ಅಂದೆ. ರಾಜೀನಾಮೆ ಕೊಟ್ಟು ಬಂದೆ ಅಂತ ಹೇಳಾಕ ಬಾಯಿ ಬರಲಿಲ್ರಿ. ಮುಂದಿನ ಸಭಾಕ್ಕೂ ಹೋಗಬೇಕಿತ್ತು. ಅದರ ಮುಂದಿನದಕ್ಕೂ."

ಮೇಡಂ ನಮಗೆ ಕುರ್ಚಿಯಲ್ಲಿ ಕೂರುವುದನ್ನು ಕಲಿಸಿದ್ದರು, ಮಾತಾಡುವುದನ್ನು ಕಲಿಸಿದ್ದರು. ಸೋತ ಮೇಲೂ ಅದೇ ಕುರ್ಚಿಯಲ್ಲಿ ಕೂತಿರುವುದನ್ನು ಯಾರೂ ಕಲಿಸಿರಲಿಲ್ಲ. ಭಾನುವಾರ ಹೊಸಬರ ಮುಂದೆ ಮೊದಲು ಆ ಹುಡುಗಿಯ ಪ್ರಶ್ನೆಯನ್ನೇ ಇಡಬೇಕೆಂದಿದ್ದೇನೆ.